ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಗ್ಲುಟನ್ ಇಲ್ಲದ ಸ್ಟಫಿಂಗ್: ಒಂದೇ ಟ್ರೇ, ಎಲ್ಲರಿಗೂ

ನವೆಂಬರ್ ಹತ್ತಿರ ಬಂತು ಅಂದರೆ ಅಮೆರಿಕದಲ್ಲಿರುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಜನ ಬರ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಗ್ಲುಟನ್ ಆಗಲ್ಲ. ಸ್ಟಫಿಂಗ್ ಹೇಗೆ ಮಾಡೋದು?’ ಕೆಲವರ ಮನೆಯಲ್ಲಿ ಹೊಸ ಸೊಸೆಗೆ, ಕೆಲವರ ಮನೆಯಲ್ಲಿ ಮಗಳ ಕಾಲೇಜು ಗೆಳತಿಗೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ನಾವು ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಆದ್ರೂ ಆಗತ್ತಾ?’

ಖಂಡಿತ ಆಗುತ್ತದೆ. ಆದರೆ ಅಡುಗೆಗೆ ಇಳಿಯುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಎಲ್ಲರಿಗೂ ಒಂದು ಸ್ಟಫಿಂಗ್, ಆ ಒಬ್ಬರಿಗೆ ಪುಟ್ಟ ಬಟ್ಟಲಲ್ಲಿ ಇನ್ನೊಂದು ಅಂತ ಎರಡು ಮಾಡಬೇಡಿ. ಇಡೀ ಟ್ರೇಯನ್ನೇ ಗ್ಲುಟನ್ ಇಲ್ಲದೆ ಮಾಡಿ. ಎರಡು ಮಾಡಿದರೆ ಕೆಲಸವೂ ಎರಡು, ಅಪಾಯವೂ ಜಾಸ್ತಿ. ಊಟದ ಗಲಾಟೆಯಲ್ಲಿ ಯಾರೋ ಒಬ್ಬರು ಆ ಸೌಟನ್ನು ಈ ಪಾತ್ರೆಗೆ ಹಾಕಿಯೇ ಹಾಕುತ್ತಾರೆ. ಅಲ್ಲಿಗೆ ನೀವು ಎರಡು ದಿನ ಪಟ್ಟ ಶ್ರಮವೆಲ್ಲ ವ್ಯರ್ಥ. ಸರಿಯಾಗಿ ಮಾಡಿದರೆ ರುಚಿಯಲ್ಲಿ ಕೊರತೆ ಏನೂ ಇರುವುದಿಲ್ಲ. ಮತ್ತೆ, ಬಂದವರು ಎಲ್ಲರ ಜೊತೆ ಅದೇ ಟ್ರೇಯಿಂದ ಬಡಿಸಿಕೊಂಡು ತಿನ್ನುವುದು ಅವರಿಗೆ ಎಷ್ಟು ದೊಡ್ಡ ವಿಷಯ ಅನ್ನುವುದು ಪ್ರತಿ ಸಲ ತಮ್ಮ ಡಬ್ಬಿ ತಾವೇ ಹೊತ್ತು ತರುವವರನ್ನು ಕೇಳಿದರೆ ಗೊತ್ತಾಗುತ್ತದೆ.

ಹೊಸಬರಿಗೆ ಎರಡು ಮಾತು. ಸ್ಟಫಿಂಗ್ ಅಂದರೆ ಒಣಗಿಸಿದ ಬ್ರೆಡ್ ತುಂಡುಗಳಿಗೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸೆಲರಿ, ಸೇಜ್, ಥೈಮ್ ಸೊಪ್ಪು ಸೇರಿಸಿ, ಬ್ರಾತ್ ಹಾಕಿ, ಓವನ್‌ನಲ್ಲಿ ಬೇಯಿಸುವ ತಿನಿಸು. ಬ್ರಾತ್ ಅಂದರೆ ತರಕಾರಿ ಅಥವಾ ಮಾಂಸ ಕುದಿಸಿ ಸೋಸಿದ ರಸ. ಟರ್ಕಿ ಹಕ್ಕಿಯ ಹೊಟ್ಟೆಯೊಳಗೆ ತುಂಬಿ ಬೇಯಿಸುವುದು ಹಳೆಯ ಪದ್ಧತಿ. ಟ್ರೇಯಲ್ಲಿ ಬೇರೆಯಾಗಿ ಬೇಯಿಸುವುದೂ ಅಷ್ಟೇ ರೂಢಿಯಲ್ಲಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದನ್ನು ಡ್ರೆಸಿಂಗ್ ಅನ್ನುತ್ತಾರೆ. ನಾವು ಮಾಡುವುದು ಟ್ರೇಯದ್ದು. ಹಕ್ಕಿಗೆ ತಾಗದ ಕಾರಣ ಸಸ್ಯಾಹಾರಿಗಳಿಗೂ ಇದು ನಡೆಯುತ್ತದೆ.

ಗ್ಲುಟನ್ ಯಾರಿಗೆ ಆಗಲ್ಲ, ಯಾಕೆ ಆಗಲ್ಲ

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೋಟೀನ್ ಗ್ಲುಟನ್. ಚಪಾತಿ ಹಿಟ್ಟಿಗೆ ಎಳೆದರೆ ಹಿಗ್ಗುವ ಗುಣ ಬರುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದರೆ ಅವರ ದೇಹದ ರೋಗನಿರೋಧಕ ವ್ಯವಸ್ಥೆ ಅವರದೇ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಸುಮಾರು ನೂರು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಜೀವನಪೂರ್ತಿ ಗ್ಲುಟನ್ ಬಿಡುವುದೇ ಇದಕ್ಕಿರುವ ಚಿಕಿತ್ಸೆ. ‘ಹಬ್ಬದ ದಿನ ಸ್ವಲ್ಪ ತಿಂದ್ರೆ ಏನಾಗಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬ್ರೆಡ್ಡಿನ ಪುಡಿಯೂ ತೊಂದರೆ ಕೊಡುತ್ತದೆ. ಬೇಯಿಸಿದರೆ ಗ್ಲುಟನ್ ಹೋಗುವುದೂ ಇಲ್ಲ.

ಆದ್ದರಿಂದ ಮೊದಲು ಫೋನ್ ಮಾಡಿ ಕೇಳಿ: ಸೀಲಿಯಾಕ್ ಇದೆಯಾ, ಗೋಧಿ ಅಲರ್ಜಿಯಾ, ಇಲ್ಲಾ ಗ್ಲುಟನ್ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ಬಿಟ್ಟಿದ್ದಾರಾ? ಈ ವ್ಯತ್ಯಾಸ ಮುಖ್ಯ. ಗ್ಲುಟನ್ ತೆಗೆದ ಗೋಧಿ ಪಿಷ್ಟ ಹಾಕಿ ಮಾಡಿದ ಕೆಲವು ಬ್ರೆಡ್‌ಗಳಿಗೂ ‘ಗ್ಲುಟನ್ ಫ್ರೀ’ ಅಂತ ಲೇಬಲ್ ಇರುತ್ತದೆ. ಸೀಲಿಯಾಕ್ ಇರುವವರಿಗೆ ಅದನ್ನು ತಿನ್ನಲು ಅಡ್ಡಿಯಿಲ್ಲ, ಗೋಧಿ ಅಲರ್ಜಿ ಇರುವವರಿಗೆ ಬೇಡ. ಓಟ್ಸ್ ತಿನ್ನುತ್ತಾರಾ ಅಂತಲೂ ಕೇಳಿ. ಸೀಲಿಯಾಕ್ ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗುವುದಿಲ್ಲ, ಆದರೆ ಗ್ಲುಟನ್ ಇಲ್ಲದ ಎಷ್ಟೋ ಬ್ರೆಡ್‌ಗಳಲ್ಲಿ ಓಟ್ಸ್ ಇರುತ್ತದೆ. ಬೀಜಗಳ ಅಲರ್ಜಿಯ ಬಗ್ಗೆಯೂ ಅದೇ ಫೋನಿನಲ್ಲಿ ಕೇಳಿಬಿಡಿ. ಇಷ್ಟೆಲ್ಲ ಕೇಳಿದರೆ ಅವರಿಗೆ ಬೇಜಾರಾಗುತ್ತದೇನೋ ಅಂತ ಹಿಂಜರಿಯಬೇಡಿ. ಕೇಳಿದರೇ ಅವರಿಗೆ ಧೈರ್ಯ.

ಲೇಬಲ್ ಓದುವ ಕ್ರಮ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2013ರಲ್ಲಿ ಒಂದು ನಿಯಮ ತಂದಿತು. ‘ಗ್ಲುಟನ್ ಫ್ರೀ’ ಅಂತ ಬರೆದ ಆಹಾರದಲ್ಲಿ ಗ್ಲುಟನ್ 20 ಪಿಪಿಎಂಗಿಂತ ಕಡಿಮೆ ಇರಬೇಕು. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಅಳತೆ. ಗ್ಲುಟನ್ ಇಲ್ಲ ಅಂತ ಪ್ರಮಾಣಪತ್ರ ಕೊಡುವ ಜಿಎಫ್‌ಸಿಒ ಸಂಸ್ಥೆಯ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು. ಅವರ ಮಿತಿ 10 ಪಿಪಿಎಂ.

ಇಲ್ಲಿ ತುಂಬ ಜನ ಎಡವುತ್ತಾರೆ. ಪೊಟ್ಟಣದ ಹಿಂದೆ ‘ಕಂಟೇನ್ಸ್ ವೀಟ್’ ಅಂತ ಇಲ್ಲ, ಹಾಗಾದರೆ ಸರಿ ಅಂದುಕೊಳ್ಳುತ್ತಾರೆ. ಅಷ್ಟು ಸಾಲದು. ಅಲರ್ಜಿಯ ಕಾನೂನಿನ ಪ್ರಕಾರ ಗೋಧಿಯ ಹೆಸರು ಹೇಳುವುದು ಕಡ್ಡಾಯ. ಬಾರ್ಲಿ, ರೈಗಳಿಗೆ ಆ ಕಡ್ಡಾಯ ಇಲ್ಲ. ಬಾರ್ಲಿ ಅನೇಕ ಸಲ ‘ಮಾಲ್ಟ್’, ‘ಮಾಲ್ಟ್ ಎಕ್ಸ್‌ಟ್ರಾಕ್ಟ್’ ಅನ್ನುವ ಹೆಸರಲ್ಲಿ ಒಳಗೆ ಕೂತಿರುತ್ತದೆ. ‘ವೀಟ್ ಫ್ರೀ’ ಅಂತ ದೊಡ್ಡದಾಗಿ ಬರೆದಿದ್ದರೂ ಅದು ‘ಗ್ಲುಟನ್ ಫ್ರೀ’ ಆಗಿರಬೇಕೆಂದಿಲ್ಲ. ಸ್ಪೆಲ್ಟ್, ಫಾರೋ, ಕಮುಟ್, ಕೂಸ್‌ಕೂಸ್, ಬಲ್ಗರ್ ಇವೆಲ್ಲ ಗೋಧಿಯ ಜಾತಿ ಅಥವಾ ಗೋಧಿಯಿಂದ ಮಾಡಿದ್ದು. ಹೆಸರು ಬೇರೆ ಅಂತ ಮೋಸ ಹೋಗಬೇಡಿ.

ನಮ್ಮ ಅಡುಗೆಮನೆಯಲ್ಲೇ ಅಡಗಿರುವ ಗೋಧಿ

ಅಮೆರಿಕದ ಮಾರ್ಗದರ್ಶಿಗಳಲ್ಲಿ ಇದು ಹೆಚ್ಚಾಗಿ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಇಂಗಿನ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಇಂಗು ಕೂಟಿನ ಇಂಗು. ಇಂಗಿನ ಅಂಟಿಗೆ ಗೋಂದು ಮತ್ತು ಯಾವುದಾದರೂ ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿ ಹಿಟ್ಟು ಅಥವಾ ಮೈದಾ. ಚಿಟಿಕೆ ಇಂಗು ತಾನೇ ಅಂತ ಬಿಡುವ ಹಾಗಿಲ್ಲ. ಇಂಗು ಸೇರಿಸಿದ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಉಪ್ಪಿನಕಾಯಿ ಎಲ್ಲಕ್ಕೂ ಇದೇ ಮಾತು. ಅಕ್ಕಿ ಹಿಟ್ಟು ಬೆರೆಸಿ ‘ಗ್ಲುಟನ್ ಫ್ರೀ’ ಅಂತ ಮಾರುವ ಇಂಗೂ ಸಿಗುತ್ತದೆ. ಸ್ಟಫಿಂಗ್‌ಗೆ ಇಂಗು ಬೇಕಾಗಿಲ್ಲ. ಆದರೆ ಅದೇ ಊಟಕ್ಕೆ ಪಕ್ಕದಲ್ಲಿ ಬೀನ್ಸ್ ಪಲ್ಯಕ್ಕೋ ಚಿತ್ರಾನ್ನಕ್ಕೋ ಒಗ್ಗರಣೆ ಹಾಕುತ್ತೀರಿ ಅಲ್ವಾ, ಅಲ್ಲಿ ಜೋಪಾನ.

ಎರಡನೆಯದು ಊರಿಂದ ತಂದ ಹಿಟ್ಟು. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟನ್ ಇಲ್ಲ. ಆದರೆ ಊರಿನ ಗಿರಣಿಯಲ್ಲಿ ನಿಮ್ಮ ರಾಗಿಗೆ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಚೀಲಕ್ಕೆ ಬಂದಿರುತ್ತದೆ. ಅಮ್ಮ ಪ್ರೀತಿಯಿಂದ ಬೀಸಿ ಕಟ್ಟಿ ಕಳಿಸಿದ ಹಿಟ್ಟು ನಿಮಗೆ ಸರಿ, ಸೀಲಿಯಾಕ್ ಇರುವ ಅತಿಥಿಗೆ ಬೇಡ.

ಮೂರನೆಯದು ದಿನಾ ಚಪಾತಿ ಮಾಡುವ ಮನೆಯ ಧೂಳು. ಲಟ್ಟಣಿಗೆ, ಚಪಾತಿ ಮಣೆ, ಕಟ್ಟೆಯ ಮೂಲೆ, ಹಿಟ್ಟಿನ ಕೈಯಿಂದ ಮುಟ್ಟಿದ ಮಸಾಲೆ ಡಬ್ಬಿಯ ಚಮಚ, ಬ್ರೆಡ್ಡಿಗೆ ಹಚ್ಚಿ ಮತ್ತೆ ಡಬ್ಬಿಗೆ ಅದ್ದಿದ ಬೆಣ್ಣೆ. ಗೋಧಿ ಇಲ್ಲದ ಅಡುಗೆಗೆ ಗೋಧಿ ಹೀಗೆ ತಾಗಿಕೊಳ್ಳುವುದನ್ನು ‘ಕ್ರಾಸ್ ಕಾಂಟ್ಯಾಕ್ಟ್’ ಅನ್ನುತ್ತಾರೆ. ರವೆ, ಶಾವಿಗೆ, ಮೈದಾದ ವಿಷಯ ನಿಮಗೇ ಗೊತ್ತು. ಇಡ್ಲಿ ರವೆ ಮಾತ್ರ ಅಕ್ಕಿಯದು.

ಬೇಕಾದ ಸಾಮಾನು

ಎಂಟರಿಂದ ಹತ್ತು ಜನಕ್ಕೆ, 9 ಇಂಚು ಅಗಲ 13 ಇಂಚು ಉದ್ದದ ಒಂದು ಟ್ರೇ ಲೆಕ್ಕ ಇದು.

- ಗ್ಲುಟನ್ ಇಲ್ಲದ ಬಿಳಿ ಬ್ರೆಡ್: 680 ಗ್ರಾಂ, ಅಂದರೆ ಒಂದೂವರೆ ಪೌಂಡ್
- ಬೆಣ್ಣೆ: 1 ಸ್ಟಿಕ್ (113 ಗ್ರಾಂ), ಹೊಸ ಪೊಟ್ಟಣದ್ದು
- ಈರುಳ್ಳಿ: ಮಧ್ಯಮ ಗಾತ್ರದ್ದು 2
- ಸೆಲರಿ: 4 ದಂಟು
- ಅಣಬೆ: 225 ಗ್ರಾಂ
- ಬೆಳ್ಳುಳ್ಳಿ: 3 ಎಸಳು
- ಹುಳಿ ಇರುವ ಹಸಿರು ಸೇಬು: 1
- ಸೇಜ್ ಸೊಪ್ಪು ಕೊಚ್ಚಿದ್ದು 2 ಟೇಬಲ್ ಚಮಚ, ಥೈಮ್ ಎಲೆ 1 ಟೇಬಲ್ ಚಮಚ (ಒಣಗಿದ್ದಾದರೆ ಸೇಜ್ 2 ಟೀ ಚಮಚ, ಥೈಮ್ 1 ಟೀ ಚಮಚ)
- ಪಾರ್ಸ್ಲಿ ಸೊಪ್ಪು ಕೊಚ್ಚಿದ್ದು: ಅರ್ಧ ಕಪ್
- ತರಕಾರಿ ಬ್ರಾತ್: 2 ಕಪ್, ಜೊತೆಗೆ ಅರ್ಧ ಕಪ್ ಕೈಯಳತೆಗೆ
- ಮೊಟ್ಟೆ 2. ಬೇಡದವರಿಗೆ ಅಗಸೆ ಬೀಜದ ಪುಡಿ 2 ಟೇಬಲ್ ಚಮಚ
- ಉಪ್ಪು 1 ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ
- ಇಷ್ಟವಿದ್ದರೆ ಒಣ ಕ್ರಾನ್‌ಬೆರಿ ಅರ್ಧ ಕಪ್, ಹುರಿದ ಪಿಕಾನ್ ಬೀಜ ಅರ್ಧ ಕಪ್

ಅಂಗಡಿಯಲ್ಲಿ ‘ಪೌಲ್ಟ್ರಿ ಸೀಸನಿಂಗ್’ ಅನ್ನುವ ಡಬ್ಬಿ ನೋಡಿ ಸಸ್ಯಾಹಾರಿಗಳು ಹಿಂದೆ ಸರಿಯುತ್ತಾರೆ. ಅದರಲ್ಲಿ ಕೋಳಿ ಇರುವುದಿಲ್ಲ. ಸೇಜ್, ಥೈಮ್, ಮಾರ್ಜೋರಂ, ರೋಸ್‌ಮೆರಿ, ಜಾಯಿಕಾಯಿ, ಕಾಳುಮೆಣಸು ಇಂಥವನ್ನು ಬೆರೆಸಿದ ಪುಡಿ ಅಷ್ಟೇ. ಸೊಪ್ಪು ಸಿಗದಿದ್ದರೆ ಇದನ್ನೇ 1 ಟೇಬಲ್ ಚಮಚ ಹಾಕಬಹುದು. ಲೇಬಲ್ ಮಾತ್ರ ಓದಿ.

ಹಂತ 1: ಬ್ರೆಡ್ ಆರಿಸುವುದು (ಸೋಮವಾರದೊಳಗೆ)

ಥ್ಯಾಂಕ್ಸ್‌ಗಿವಿಂಗ್ ಯಾವಾಗಲೂ ನವೆಂಬರಿನ ನಾಲ್ಕನೇ ಗುರುವಾರ. ಬುಧವಾರ ಸಂಜೆ ಅಂಗಡಿಗೆ ಹೋದರೆ ಗ್ಲುಟನ್ ಇಲ್ಲದ ಬ್ರೆಡ್ಡಿನ ಕಪಾಟು ಖಾಲಿ ಇರುವ ಸಾಧ್ಯತೆ ಜಾಸ್ತಿ. ಮೊದಲೇ ತಂದು ಫ್ರೀಜರ್‌ನಲ್ಲಿ ಇಡಿ. ಎಷ್ಟೋ ಅಂಗಡಿಗಳಲ್ಲಿ ಈ ಬ್ರೆಡ್ ಇಟ್ಟಿರುವುದೇ ಫ್ರೀಜರ್ ಸಾಲಿನಲ್ಲಿ, ಮಾಮೂಲಿ ಬ್ರೆಡ್ ಸಾಲಿನಲ್ಲಿ ಹುಡುಕಿ ವಾಪಸ್ ಬರಬೇಡಿ. ಈ ಪೊಟ್ಟಣಗಳು ಮಾಮೂಲಿ ಬ್ರೆಡ್ಡಿಗಿಂತ ಚಿಕ್ಕವು. ಲೆಕ್ಕಕ್ಕೆ ಪೊಟ್ಟಣ ಹಿಡಿಯಬೇಡಿ, ಮೇಲೆ ಬರೆದ ತೂಕ ನೋಡಿ.

ಸಾದಾ ಬಿಳಿ ಬ್ರೆಡ್ ತಗೊಳ್ಳಿ. ಸಿಹಿ ಜಾಸ್ತಿ ಇರುವುದು, ದಾಲ್ಚಿನ್ನಿ ಅಥವಾ ಒಣದ್ರಾಕ್ಷಿ ಹಾಕಿದ್ದು ಬೇಡ. ಮೊಟ್ಟೆ ತಿನ್ನದವರು ಇಲ್ಲಿ ನಿಂತು ಓದಬೇಕು. ಗ್ಲುಟನ್ ಇಲ್ಲದ ಬ್ರೆಡ್ ಉಬ್ಬಿ ನಿಲ್ಲಲಿ ಅಂತ ಮೊಟ್ಟೆಯ ಬಿಳಿ ಹಾಕುವ ಕಂಪನಿಗಳು ಬಹಳ. ‘ವೀಗನ್’ ಅಂತ ಬರೆದದ್ದು ಹುಡುಕಿ. ಅವುಗಳಲ್ಲಿ ಸಾಮಾನ್ಯವಾಗಿ ಅಕ್ಕಿ ಹಿಟ್ಟು, ಟ್ಯಾಪಿಯೋಕಾ ಅಂದರೆ ಮರಗೆಣಸಿನ ಪಿಷ್ಟ, ಆಲೂಗಡ್ಡೆ ಪಿಷ್ಟ, ಸಿಲಿಯಂ ಹಸ್ಕ್ ಇರುತ್ತದೆ. ಸಿಲಿಯಂ ಹಸ್ಕ್ ಬೇರೇನಲ್ಲ, ಮಲಬದ್ಧತೆಗೆ ಕುಡಿಯುವ ನಮ್ಮ ಇಸಬ್‌ಗೋಲ್. ನೀರು ಹೀರಿ ಅಂಟಾಗುವ ಅದರ ಗುಣ ಬ್ರೆಡ್ಡನ್ನು ಹಿಡಿದಿಡುತ್ತದೆ. ಸ್ಟಫಿಂಗ್‌ಗೆ ಇಂಥ ಬ್ರೆಡ್ ಚೆನ್ನಾಗಿ ಒದಗುತ್ತದೆ.

ಹಂತ 2: ಅಡುಗೆಮನೆ ಸಿದ್ಧ ಮಾಡುವುದು

ಮಂಗಳವಾರ ರಾತ್ರಿಯಿಂದ ಊಟ ಮುಗಿಯುವವರೆಗೆ ಮನೆಯಲ್ಲಿ ಚಪಾತಿ, ಪೂರಿ, ಕೇಕ್ ಏನೂ ಬೇಡ. ಗೋಧಿ ಹಿಟ್ಟು ಗಾಳಿಯಲ್ಲಿ ತೇಲಿ ಎಲ್ಲೆಲ್ಲೋ ಕೂರುತ್ತದೆ. ಕಟ್ಟೆಯನ್ನು ಸೋಪು ನೀರಿನಿಂದ ಒರೆಸಿ. ಕ್ರಿಮಿ ಕೊಲ್ಲುವ ಸ್ಪ್ರೇ ಹೊಡೆದರೆ ಗ್ಲುಟನ್ ಹೋಗುವುದಿಲ್ಲ, ಅದನ್ನು ತೊಳೆದೇ ತೆಗೆಯಬೇಕು. ಪಾತ್ರೆ ಉಜ್ಜಲು ಹೊಸ ಸ್ಪಂಜು ತೆಗೆಯಿರಿ.

ಸ್ಟೀಲ್ ಮತ್ತು ಗಾಜಿನ ಪಾತ್ರೆಗಳನ್ನು ಚೆನ್ನಾಗಿ ತೊಳೆದರೆ ಸಾಕು. ಮರದ ಸೌಟು, ಮರದ ಮಣೆ, ಗೀರು ಬಿದ್ದ ನಾನ್‌ಸ್ಟಿಕ್, ತೂತುಗಳಲ್ಲಿ ಹಿಟ್ಟು ಕೂತ ಜರಡಿ, ಟೋಸ್ಟರ್ ಇವನ್ನು ಬಳಸಬೇಡಿ. ದೋಸೆ, ಚಪಾತಿ ಎರಡಕ್ಕೂ ಬಳಸುವ ಕಬ್ಬಿಣದ ಕಾವಲಿಯೂ ಬೇಡ. ಟ್ರೇ ಬಗ್ಗೆ ಅನುಮಾನ ಇದ್ದರೆ ಅಂಗಡಿಯಲ್ಲಿ ಸಿಗುವ ಬಳಸಿ ಬಿಸಾಡುವ ಅಲ್ಯುಮಿನಿಯಂ ಟ್ರೇ ತನ್ನಿ, ಯೋಚನೆಯೇ ಇರುವುದಿಲ್ಲ.

ಹಂತ 3: ಬ್ರೆಡ್ ಒಣಗಿಸುವುದು (ಮಂಗಳವಾರ ರಾತ್ರಿ ಅಥವಾ ಬುಧವಾರ)

ಇಡೀ ಅಡುಗೆ ನಿಂತಿರುವುದು ಈ ಹಂತದ ಮೇಲೆ. ಗ್ಲುಟನ್ ಇಲ್ಲದ ಸ್ಟಫಿಂಗ್ ಕೆಟ್ಟಿತು ಅನ್ನುವವರಲ್ಲಿ ಹೆಚ್ಚಿನವರದು ಒಂದೇ ದೂರು: ಮುದ್ದೆಯಾಯಿತು. ಕಾರಣ ಸರಳ. ಗೋಧಿ ಬ್ರೆಡ್ಡಿನಲ್ಲಿ ಗ್ಲುಟನ್ ಒಂದು ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ನೆನೆದರೂ ಆ ಬಲೆ ತುಂಡಿನ ಆಕಾರ ಬಿಡುವುದಿಲ್ಲ. ಈ ಬ್ರೆಡ್ಡಿನಲ್ಲಿ ಆ ಬಲೆ ಇಲ್ಲ, ಪಿಷ್ಟವೇ ಎಲ್ಲ. ಹಸಿ ಇರುವಾಗಲೇ ಬ್ರಾತ್ ಸುರಿದರೆ ಹೊರಮೈ ಕರಗಿ ಅಂಟಾಗುತ್ತದೆ. ಒಳಗಿನ ತೇವವನ್ನು ಪೂರ್ತಿ ತೆಗೆದ ಮೇಲೆ ಬ್ರಾತ್ ಹಾಕಿದರೆ ಮಾತ್ರ ತುಂಡು ರಸ ಹೀರಿಯೂ ಬಿಡಿಯಾಗಿ ಉಳಿಯುತ್ತದೆ.

ಮಾಮೂಲಿ ಬ್ರೆಡ್ ಹಾಗೆ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಟ್ಟು ಒಣಗಿಸುವುದು ಇದಕ್ಕೆ ಸಾಲದು. ಓವನ್ನೇ ಬೇಕು.

ಬ್ರೆಡ್ಡನ್ನು ಮುಕ್ಕಾಲು ಇಂಚಿನ ಚೌಕ ತುಂಡು ಮಾಡಿ. ಅರ್ಧ ಹೆಪ್ಪುಗಟ್ಟಿದ ಬ್ರೆಡ್ ಆದರೆ ಪುಡಿಯಾಗದೆ ಚೊಕ್ಕವಾಗಿ ಕತ್ತರಿಸಲು ಬರುತ್ತದೆ. ಅಂಚು ತೆಗೆಯಬೇಡಿ, ಅಂಚಿನ ತುಂಡುಗಳು ಗಟ್ಟಿ ನಿಲ್ಲುತ್ತವೆ. ಎರಡು ದೊಡ್ಡ ಬೇಕಿಂಗ್ ಶೀಟ್‌ಗಳಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಹಳೆಯ ಶೀಟ್ ಆದರೆ ಕೆಳಗೆ ಪಾರ್ಚ್‌ಮೆಂಟ್ ಕಾಗದ ಹಾಸಿ. ಓವನ್ 300 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (150 ಸೆಲ್ಸಿಯಸ್) 35ರಿಂದ 50 ನಿಮಿಷ. ಪ್ರತಿ 15 ನಿಮಿಷಕ್ಕೆ ಕೈಯಾಡಿಸಿ.

ಆಯಿತಾ ಅಂತ ನೋಡುವುದು ಹೀಗೆ. ದೊಡ್ಡ ತುಂಡೊಂದನ್ನು ಹೊರಗೆ ತೆಗೆದು ಎರಡು ನಿಮಿಷ ಆರಲು ಬಿಡಿ. ಬಿಸಿಯಲ್ಲಿ ಎಲ್ಲವೂ ಮೆತ್ತಗೇ ಇರುತ್ತವೆ. ಆರಿದ ಮೇಲೆ ಮುರಿಯಿರಿ. ಕಟ್ ಅಂತ ಮುರಿದು ಒಳಗೂ ಒಣಗಿದ್ದರೆ ಸರಿ. ನಡುವೆ ರಬ್ಬರಿನ ಹಾಗೆ ಬಾಗಿದರೆ ಮತ್ತೆ ಹತ್ತು ನಿಮಿಷ ಇಡಿ. ಬಣ್ಣ ತಿಳಿ ಕಂದು ಸಾಕು. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಎರಡು ದಿನ ಹೊರಗೇ ಇರುತ್ತದೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ.

ಹಂತ 4: ಬ್ರಾತ್ (ಬುಧವಾರ)

ಪೊಟ್ಟಣದ ತರಕಾರಿ ಬ್ರಾತ್ ತರುವುದಾದರೆ ‘ಗ್ಲುಟನ್ ಫ್ರೀ’ ಅಂತ ಬರೆದಿದ್ದನ್ನೇ ತನ್ನಿ. ಕೆಲವದರಲ್ಲಿ, ಮುಖ್ಯವಾಗಿ ಬುಯಾನ್ ಅನ್ನುವ ಉಪ್ಪಿನ ಗಟ್ಟಿಗಳಲ್ಲಿ, ಗೋಧಿ ಹಾಕಿದ ಸೋಯಾ ಸಾಸ್ ಅಥವಾ ಬಾರ್ಲಿಯ ಅಂಶ ಇರಬಹುದು.

ಮನೆಯಲ್ಲಿ ಮಾಡಿದರೆ ರುಚಿಯೇ ಬೇರೆ. ಒಂದು ಈರುಳ್ಳಿ, ಎರಡು ಕ್ಯಾರೆಟ್, ಸೆಲರಿಯ ಎಲೆ ಮತ್ತು ಬುಡ, ಅಣಬೆಯ ಕಾಂಡ, ಪಾರ್ಸ್ಲಿ ದಂಟು, ಒಂದು ಪಲಾವ್ ಎಲೆ, ಐದಾರು ಕಾಳುಮೆಣಸು. ಆರು ಕಪ್ ನೀರು. ಸಣ್ಣ ಉರಿಯಲ್ಲಿ 45 ನಿಮಿಷ ಕುದಿಸಿ ಸೋಸಿ. ಉಪ್ಪು ಹಾಕಬೇಡಿ. ಉಳಿದದ್ದು ಗ್ರೇವಿಗೆ ಆಗುತ್ತದೆ.

ಹಂತ 5: ಬಾಡಿಸುವುದು (ಬುಧವಾರವೇ)

ಅಗಲ ಬಾಣಲೆಯಲ್ಲಿ ಒಂದು ಟೇಬಲ್ ಚಮಚ ಬೆಣ್ಣೆ ಬಿಸಿ ಮಾಡಿ ಹೆಚ್ಚಿದ ಅಣಬೆ ಹಾಕಿ. ಅದು ನೀರು ಬಿಡುತ್ತದೆ. ಆ ನೀರೆಲ್ಲ ಆರಿ ಅಂಚು ಕಂದಾಗುವವರೆಗೆ ಬಿಡಿ, ಅವಸರ ಬೇಡ. ಅಣಬೆಯಲ್ಲಿ ಉಳಿದ ನೀರು ನಾಳೆ ಬ್ರೆಡ್ಡಿಗೆ ಹೋಗುತ್ತದೆ. ಅಣಬೆ ತೆಗೆದಿಟ್ಟು, ಟ್ರೇಗೆ ಸವರಲು ಮತ್ತು ಮೇಲೆ ಇಡಲು ಸ್ವಲ್ಪ ಎತ್ತಿಟ್ಟುಕೊಂಡು ಉಳಿದ ಬೆಣ್ಣೆ ಹಾಕಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ಉಪ್ಪು ಹಾಕಿ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಸೆಲರಿ ಮೆತ್ತಗಾಗಬೇಕು. ಹಸಿ ಸೆಲರಿಯ ವಾಸನೆ ನಮ್ಮವರು ಅನೇಕರಿಗೆ ಸೇರುವುದಿಲ್ಲ, ಚೆನ್ನಾಗಿ ಬಾಡಿಸಿದರೆ ಅದು ಸಿಹಿಯಾಗುತ್ತದೆ. ಕೊನೆಗೆ ಬೆಳ್ಳುಳ್ಳಿ, ಸೇಜ್, ಥೈಮ್, ಕಾಳುಮೆಣಸು ಹಾಕಿ ಒಂದು ನಿಮಿಷ. ಸೇಜ್ ಬೆಣ್ಣೆಗೆ ಬಿದ್ದ ಕೂಡಲೇ ಘಮ ಏಳುತ್ತದೆ. ಸೇಬಿನ ತುಂಡು ಸೇರಿಸಿ ಇನ್ನೆರಡು ನಿಮಿಷ ಕೈಯಾಡಿಸಿ ಇಳಿಸಿ. ಅಣಬೆ ಬೆರೆಸಿ ಆರಿಸಿ ಫ್ರಿಜ್‌ನಲ್ಲಿ ಇಡಿ.

ಹಸಿಮೆಣಸಿನಕಾಯಿ, ಶುಂಠಿ ಹಾಕಬಹುದಾ ಅಂತ ಕೇಳುತ್ತಾರೆ. ನಿಮ್ಮಿಷ್ಟ. ನನ್ನನ್ನು ಕೇಳಿದರೆ ಒಂದು ಹಸಿಮೆಣಸಿನಕಾಯಿ ಚೆನ್ನಾಗಿ ಹೊಂದುತ್ತದೆ. ಗರಂ ಮಸಾಲೆ ಬೇಡ, ಸೇಜ್ ಪರಿಮಳವನ್ನು ಮುಚ್ಚಿಬಿಡುತ್ತದೆ.

ರಾತ್ರಿಯೇ ಎಲ್ಲ ಕಲಸಿ ಟ್ರೇಗೆ ತುಂಬಿಡೋಣ ಅಂತ ಅನ್ನಿಸುತ್ತದೆ. ಬೇಡ. ಬ್ರೆಡ್ ರಾತ್ರಿಯಿಡೀ ನೆನೆದು ಗಂಜಿಯಾಗುತ್ತದೆ. ಮೊಟ್ಟೆ ಹಾಕಿದ ಹಸಿ ಮಿಶ್ರಣ ಹಾಗೆ ಇಡುವುದೂ ಒಳ್ಳೆಯದಲ್ಲ. ಒಣದು ಬೇರೆ, ಹಸಿದು ಬೇರೆ ಇರಲಿ.

ಹಂತ 6: ಕಲಸುವುದು (ಗುರುವಾರ, ಊಟಕ್ಕೆ ಎರಡು ಗಂಟೆ ಮುಂಚೆ)

ಮೊಟ್ಟೆ ಹಾಕುವವರು ಎರಡು ಮೊಟ್ಟೆಯನ್ನು ಅರ್ಧ ಕಪ್ ತಣ್ಣನೆಯ ಬ್ರಾತ್‌ನಲ್ಲಿ ಕದಡಿಕೊಳ್ಳಿ. ಈ ಅರ್ಧ ಕಪ್ ಆ ಎರಡು ಕಪ್ಪಿನ ಲೆಕ್ಕದಲ್ಲೇ ಸೇರಿದ್ದು. ಮೊಟ್ಟೆ ಇಲ್ಲದವರು ಅಗಸೆ ಪುಡಿಗೆ ಆರು ಟೇಬಲ್ ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ, ಲೋಳೆಯಾಗುತ್ತದೆ. ಒಂದು ಮೊಟ್ಟೆಗೆ ಒಂದು ಚಮಚ ಪುಡಿ, ಮೂರು ಚಮಚ ನೀರು ಅನ್ನುವ ಲೆಕ್ಕ ಬೇರೆ ಅಡುಗೆಗೂ ಒದಗುತ್ತದೆ.

ದೊಡ್ಡ ಪಾತ್ರೆಗೆ ಬ್ರೆಡ್, ಬಾಡಿಸಿದ್ದೆಲ್ಲ, ಪಾರ್ಸ್ಲಿ, ಕ್ರಾನ್‌ಬೆರಿ, ಪಿಕಾನ್ ಹಾಕಿ ಹಗುರಾಗಿ ಬೆರೆಸಿ. ಫ್ರಿಜ್‌ನಲ್ಲಿ ಬೆಣ್ಣೆ ಗಟ್ಟಿಯಾಗಿರುತ್ತದೆ, ಬಾಡಿಸಿದ್ದನ್ನು ಮೊದಲು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಈಗ ಬೆಚ್ಚಗಿನ ಬ್ರಾತ್ ಒಂದು ಕಪ್ ಸುತ್ತಲೂ ಹಾಕಿ, ಕೆಳಗಿನಿಂದ ಮೇಲೆ ಮಗುಚಿ, ಐದು ನಿಮಿಷ ಸುಮ್ನೆ ಬಿಡಿ. ಮತ್ತೆ ಅರ್ಧ ಕಪ್. ಮತ್ತೆ ಐದು ನಿಮಿಷ. ಈಗ ಒಂದು ತುಂಡು ಬಾಯಿಗೆ ಹಾಕಿ ಉಪ್ಪು ನೋಡಿ. ಮೊಟ್ಟೆ ಹಾಕಿದ ಮೇಲೆ ರುಚಿ ನೋಡಬಾರದು.

ಹದ ಹೇಗೆ ಗೊತ್ತಾಗುತ್ತದೆ? ಒಗ್ಗರಣೆ ಹಾಕಲು ಗಟ್ಟಿ ಅವಲಕ್ಕಿ ನೆನೆಸುತ್ತೀರಲ್ಲ, ಅದೇ ಹದ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಅನ್ನಿಸಬೇಕು, ಆದರೆ ಒಂದೊಂದೂ ಬಿಡಿಯಾಗಿರಬೇಕು. ಪಾತ್ರೆಯ ತಳದಲ್ಲಿ ರಸ ನಿಂತಿರಬಾರದು. ನಡುವೆ ಇನ್ನೂ ಗರಿಗರಿ ಇದ್ದರೆ ಕೈಯಳತೆಗೆ ಇಟ್ಟ ಅರ್ಧ ಕಪ್‌ನಲ್ಲಿ ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಗೋಧಿ ಬ್ರೆಡ್ಡಿನ ಪಾಕವಿಧಾನದಲ್ಲಿ ಬರೆದಷ್ಟು ಬ್ರಾತ್ ಇದಕ್ಕೆ ಬೇಡ. ಕಡಿಮೆಯಾದರೆ ಆಮೇಲೆ ಹಾಕಬಹುದು, ಹೆಚ್ಚಾದರೆ ತೆಗೆಯಲು ಬರುವುದಿಲ್ಲ. ಕೊನೆಗೆ ಮೊಟ್ಟೆ ಅಥವಾ ಅಗಸೆ ಲೋಳೆ ಸೇರಿಸಿ ಒಮ್ಮೆ ಮಗುಚಿ. ಬೆಣ್ಣೆ ಸವರಿದ ಟ್ರೇಗೆ ಹಾಕಿ. ಅದುಮಬೇಡಿ.

ಹಂತ 7: ಬೇಯಿಸುವುದು

ಓವನ್ 350 ಡಿಗ್ರಿ (175 ಸೆಲ್ಸಿಯಸ್). ಫಾಯಿಲ್ ಮುಚ್ಚಿ 30 ನಿಮಿಷ. ಫಾಯಿಲ್ ತೆಗೆದು, ಮೇಲೆ ಬೆಣ್ಣೆಯ ನಾಲ್ಕಾರು ಚೂರು ಇಟ್ಟು, ಮತ್ತೆ 20ರಿಂದ 25 ನಿಮಿಷ. ಮೇಲ್ಭಾಗ ಕಂದಾಗಿ ಗರಿಯಾಗಬೇಕು. ನಡುವೆ ಥರ್ಮಾಮೀಟರ್ ಚುಚ್ಚಿದರೆ 165 ಡಿಗ್ರಿ (74 ಸೆಲ್ಸಿಯಸ್) ತೋರಿಸಬೇಕು. ಮೊಟ್ಟೆ ಹಾಕಿದ್ದರೆ ಇದನ್ನು ನೋಡಲೇಬೇಕು.

ಫ್ರಿಜ್‌ನಿಂದ ತೆಗೆದ ತಣ್ಣನೆಯ ಗಾಜಿನ ಟ್ರೇಯನ್ನು ನೇರ ಬಿಸಿ ಓವನ್‌ಗೆ ಇಟ್ಟರೆ ಗಾಜು ಒಡೆಯಬಹುದು. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಒಳಗಿಡಿ.

ಅದೇ ಓವನ್‌ನಲ್ಲಿ ಬೇರೆಯವರು ತಂದ ಗೋಧಿಯ ತಿನಿಸು ಬಿಸಿಯಾಗುತ್ತಿದ್ದರೆ ನಿಮ್ಮ ಟ್ರೇ ಮೇಲಿನ ಅರೆಯಲ್ಲಿರಲಿ, ಫಾಯಿಲ್ ಇರಲಿ, ಫ್ಯಾನ್ ಓಡುವ ಕನ್ವೆಕ್ಷನ್ ಬೇಡ. ಆಗುವುದಾದರೆ ನಿಮ್ಮದನ್ನು ಮೊದಲೇ ಮುಗಿಸಿಬಿಡಿ. ಟರ್ಕಿ ಮಾಡುವ ಮನೆಗಳಲ್ಲಿ ಹಕ್ಕಿಯನ್ನು ಹೊರಗೆ ತೆಗೆದು ಆರಲು ಬಿಡುವ ಹೊತ್ತಿಗೆ ಓವನ್ ಖಾಲಿ ಸಿಗುತ್ತದೆ, ಆ ಸಮಯ ಬಳಸಿಕೊಳ್ಳಿ.

ಹಂತ 8: ಬಡಿಸುವುದು

ಸ್ಟಫಿಂಗ್ ಸುರಕ್ಷಿತ ಆದರೆ ಸಾಲದು, ತಟ್ಟೆಯಲ್ಲಿ ಅದರ ಪಕ್ಕ ಬೀಳುವುದನ್ನೂ ನೋಡಬೇಕು. ಗ್ರೇವಿಯನ್ನು ರೂಢಿಯಲ್ಲಿ ಮೈದಾ ಹಾಕಿ ಗಟ್ಟಿ ಮಾಡುತ್ತಾರೆ. ನೀವು ಕಾರ್ನ್‌ಸ್ಟಾರ್ಚ್ ಹಾಕಿ, ಅಂದರೆ ಊರಲ್ಲಿ ನಾವು ಕಾರ್ನ್‌ಫ್ಲೋರ್ ಅನ್ನುವುದು. ಒಂದು ಕಪ್ ಬ್ರಾತ್‌ಗೆ ಒಂದು ಟೇಬಲ್ ಚಮಚ, ತಣ್ಣೀರಲ್ಲಿ ಕದಡಿ ಕುದಿಯುವಾಗ ಹಾಕಬೇಕು. ಸಸ್ಯಾಹಾರಿಗಳಿಗೆ ಟರ್ಕಿಯ ಬದಲು ಮಾರುವ ರೋಸ್ಟ್‌ಗಳನ್ನು ಅನೇಕ ಸಲ ಗೋಧಿಯ ಗ್ಲುಟನ್‌ನಿಂದಲೇ ಮಾಡಿರುತ್ತಾರೆ. ಅತಿಥಿ ಸಸ್ಯಾಹಾರಿಯೂ ಆಗಿದ್ದು ಸೀಲಿಯಾಕ್ ಕೂಡ ಇದ್ದರೆ ಅದು ಮೇಜಿನ ಮೇಲೆ ಬೇಡವೇ ಬೇಡ. ಇನ್ನೊಬ್ಬರ ಮನೆಯ ಟರ್ಕಿಯ ಹೊಟ್ಟೆಯಲ್ಲಿ ಗೋಧಿ ಸ್ಟಫಿಂಗ್ ತುಂಬಿದ್ದರೆ ಆ ಮಾಂಸವೂ ಸೀಲಿಯಾಕ್ ಇರುವವರಿಗೆ ಆಗುವುದಿಲ್ಲ.

ಕನ್ನಡದವರ ಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಅಂದರೆ ಹೆಚ್ಚಾಗಿ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ತರುತ್ತಾರೆ. ಮೇಜಿನ ಮೇಲೆ ಪೂರಿ, ಪಾಸ್ತಾ, ಡಿನ್ನರ್ ರೋಲ್ ಇದ್ದೇ ಇರುತ್ತವೆ. ನಿಮ್ಮ ಟ್ರೇ ಒಂದು ತುದಿಯಲ್ಲಿರಲಿ, ಅದಕ್ಕೆ ಅದರದೇ ಸೌಟು. ಮೇಲೆ ಒಂದು ಚೀಟಿ ಬರೆದಿಡಿ: ‘ಗ್ಲುಟನ್ ಇಲ್ಲ, ಮೊಟ್ಟೆ ಇಲ್ಲ, ಪಿಕಾನ್ ಇದೆ’ ಅಂತ ಇದ್ದದ್ದು ಇದ್ದ ಹಾಗೆ. ಗ್ಲುಟನ್ ಆಗದವರಿಗೆ ಮೊದಲು ಬಡಿಸಿಕೊಳ್ಳಲು ಹೇಳಿ. ‘ನೀವು ಮೊದಲು ಬನ್ನಿ’ ಅಂತ ಕರೆದರೆ ಸಾಕು, ಎಲ್ಲರೆದುರು ಕಾಯಿಲೆಯ ವಿವರಣೆ ಬೇಡ. ಬ್ರೆಡ್, ಬ್ರಾತ್ ಪೊಟ್ಟಣಗಳನ್ನು ಎಸೆಯಬೇಡಿ. ಅವರು ನೋಡಬೇಕು ಅಂದರೆ ತೋರಿಸಿ. ಅದು ನಿಮ್ಮ ಮೇಲಿನ ಅನುಮಾನ ಅಲ್ಲ, ಅವರ ದಿನನಿತ್ಯದ ಅಭ್ಯಾಸ.

ಬದಲಾವಣೆಗಳು

ದಕ್ಷಿಣದ ರಾಜ್ಯಗಳವರ ಹಾಗೆ ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ಬ್ರೆಡ್, ಬಳಸಬಹುದು. ಮೆಕ್ಕೆಜೋಳದಲ್ಲಿ ಗ್ಲುಟನ್ ಇಲ್ಲ, ಹಾಗಂತ ಪೊಟ್ಟಣದ ಕಾರ್ನ್‌ಬ್ರೆಡ್ ಮಿಕ್ಸ್ ನಂಬಬೇಡಿ. ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟೂ ಇರುತ್ತದೆ. ಗ್ಲುಟನ್ ಇಲ್ಲದ ಮಿಕ್ಸ್ ತಂದು ಹಿಂದಿನ ದಿನ ಬ್ರೆಡ್ ಮಾಡಿ, ತುಂಡು ಮಾಡಿ ಹಾಗೇ ಒಣಗಿಸಿ. ಇದು ಬೇಗ ಪುಡಿಯಾಗುತ್ತದೆ, ಅರ್ಧ ಕಾರ್ನ್‌ಬ್ರೆಡ್ ಅರ್ಧ ಬಿಳಿ ಬ್ರೆಡ್ ಬೆರೆಸಿದರೆ ಚೆನ್ನ.

ಬ್ರೆಡ್ ರಗಳೆಯೇ ಬೇಡ ಅನ್ನುವವರಿಗೆ ವೈಲ್ಡ್ ರೈಸ್ ಸ್ಟಫಿಂಗ್ ಇದೆ. ಹೆಸರಲ್ಲಿ ಅಕ್ಕಿ ಇದ್ದರೂ ಇದು ಉತ್ತರ ಅಮೆರಿಕದ ಕೆರೆಗಳಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು. ಇದನ್ನು ಬೇರೆ ಬೇಯಿಸಿ ಹಂತ 5ರ ಬಾಡಿಸಿದ್ದನ್ನೆಲ್ಲ ಬೆರೆಸಿದರೆ ಆಯಿತು. ಮಸಾಲೆ ಪೊಟ್ಟಣ ಸೇರಿಸಿ ಡಬ್ಬದಲ್ಲಿ ಮಾರುವ ಮಿಕ್ಸ್ ಬೇಡ, ಆ ಮಸಾಲೆಯಲ್ಲಿ ಗೋಧಿ ಇರಬಹುದು. ಬರಿ ಕಾಳು ತನ್ನಿ.

ಉಳಿದರೆ

ಊಟ ಮುಗಿದು ಹರಟೆ ಶುರುವಾದರೆ ಟ್ರೇ ಮೇಜಿನ ಮೇಲೇ ಉಳಿಯುತ್ತದೆ. ಎರಡು ಗಂಟೆಯೊಳಗೆ ಎತ್ತಿ, ಚಿಕ್ಕ ಡಬ್ಬಿಗಳಿಗೆ ಹಾಕಿ ಫ್ರಿಜ್‌ನಲ್ಲಿ ಇಡಿ. ಮೂರು ನಾಲ್ಕು ದಿನ ಇರುತ್ತದೆ. ಅತಿಥಿಗೆ ಕಟ್ಟಿ ಕೊಡುವುದಾದರೆ ಊಟ ಶುರುವಾಗುವ ಮೊದಲೇ ಒಂದು ಡಬ್ಬಿ ಬೇರೆ ತೆಗೆದು ಫ್ರಿಜ್‌ನಲ್ಲಿಡಿ, ಎಲ್ಲರ ಕೈ ಆಡಿದ ಮೇಲೆ ಟ್ರೇಯಲ್ಲಿ ಉಳಿದದ್ದು ಬೇಡ. ಮತ್ತೆ ಬಿಸಿ ಮಾಡುವಾಗ ಒಂದೆರಡು ಚಮಚ ಬ್ರಾತ್ ಚಿಮುಕಿಸಿ, ಫಾಯಿಲ್ ಮುಚ್ಚಿ, ಒಳಗೆ 165 ಡಿಗ್ರಿ ಬರುವವರೆಗೆ ಓವನ್‌ನಲ್ಲಿಡಿ. ಮೈಕ್ರೊವೇವ್‌ನಲ್ಲಿ ಇದು ರಬ್ಬರಾಗುತ್ತದೆ. ಮಾರನೇ ದಿನ ಬಾಣಲೆಯಲ್ಲಿ ಸ್ವಲ್ಪ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಹುರಿದು ತಿಂದರೂ ಚೆನ್ನಾಗಿರುತ್ತದೆ.